ಭೀಮೆಯ ಈಚೆ ದಂಡೆಯ ರೈತನೂ ಸರಕಾರದ ಹಣವೂ

ಬಡ ರಾಷ್ಟ್ರಗಳ ಒಕ್ಕಲುತನವು ಸುಧಾರಿಸಬೇಕಾದರೆ ಅದಕ್ಕಾಗಿ ಹಣವನ್ನು ಗುರಿಯಿಟ್ಟು ಹಾಕಬೇಕೆಂಬ ಮಾತು ಈಗ ಜಗತ್ತಿನ ದೊಡ್ಡ ಸಭೆಗಳಲ್ಲೆಲ್ಲ ಕೇಳಬರುತ್ತಿರುವದು. ಆಫ್ರಿಕ ಖಂಡದ ರಾಷ್ಟ್ರಗಳು 2003ನೆಯ ಇಸವಿಯಲ್ಲಿ ಮಾಪುಟೊ ನಗರದಲ್ಲಿ ಕೂಡಿ, ತಮ್ಮ ತಮ್ಮ ಮುಂಗಡ ಪತ್ರದಲ್ಲಿ ನೂರಕ್ಕೆ 10ರಷ್ಟನ್ನು ಒಕ್ಕಲುತನಕ್ಕೆ ತೆಗೆದಿರಿಸುವದಾಗಿ ಮಾತು ಕೊಟ್ಟವು. 2020ರಲ್ಲಿ ಸೆರೆಸ್ 2030 ಎಂಬ ಪಂಡಿತಮಂಡಲವು ಲೆಕ್ಕ ಹಾಕಿ, ಶ್ರೀಮಂತ ರಾಷ್ಟ್ರಗಳು ವರುಷಕ್ಕೆ ಇನ್ನೂ 1,400 ಕೋಟಿ ಡಾಲರುಗಳನ್ನೂ ಬಡ ರಾಷ್ಟ್ರಗಳು ತಮ್ಮ ಕಿಸೆಯಿಂದ ಇನ್ನೂ 1,900 ಕೋಟಿ ಡಾಲರುಗಳನ್ನೂ ಸರಿಯಾದ ಕೆಲಸಗಳ ಮೇಲೆ ವೆಚ್ಚ ಮಾಡಿದರೆ 2030ರ ಹೊತ್ತಿಗೆ ಹಸಿವೆಯನ್ನು ನೀಗಬಹುದೆಂದು ಸಾರಿತು. ಈ ಮಾತುಗಳನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಗುರಿಯೆಂದರೆ ಯಾವದು, ಅದನ್ನು ನೋಡಿ ಹೇಳುವವರು ಯಾರು, ಬಾಣವು ಗುರಿ ತಪ್ಪಿದರೆ ಕೇಳುವವರು ಯಾರು, ಎಂಬ ಪ್ರಶ್ನೆಗಳಿಗೆ ಆ ಸಭೆಗಳಲ್ಲಿ ಉತ್ತರ ಸಿಕ್ಕುವದಿಲ್ಲ, ಸಿಕ್ಕಬೇಕಾದದ್ದು ಊರುಗಳಲ್ಲಿ. ಸುರಪುರದ ಬೇಡರ ನಾಡಿನಲ್ಲಿ ಗುರಿಯೆಂದರೇನೆಂಬುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲವಷ್ಟೆ! ಆದ ಕಾರಣ ನಾವು ಈ ವಿಷಯವನ್ನು ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲೂಕುಗಳ ನೆಲದ ಮೇಲೆ ನಿಂತು, ಅದರಲ್ಲಿಯೂ ಬಳಿಚಕ್ರದ ಹೊಲಗಳ ಬದುವಿನ ಮೇಲೆ ನಿಂತು ನೋಡಬಯಸುವೆವು.

ನಕಾಶೆಯನ್ನು ಎದುರಿಗಿಟ್ಟುಕೊಂಡರೆ ಸಂಗತಿಯು ಅರ್ಧ ತಿಳಿದಂತೆಯೇ. ಸುರಪುರ ಶಹಾಪುರಗಳು ಕೃಷ್ಣೆ ಭೀಮೆಯರ ನಡುವಿನ ದೋಆಬದಲ್ಲಿರುವವು. ಯಾದಗಿರಿಯು ಭೀಮೆಯನ್ನು ದಾಟಿ ಈಚೆಗಿರುವದು. ಬಳಿಚಕ್ರವು ಈ ಯಾದಗಿರಿ ತಾಲೂಕಿನ ಹೋಬಳಿಯ ಊರು. ಎರೆಯೂ ಮಸಾರಿಯೂ ಬೆರೆತ ನೆಲ. ತೊಗರಿ, ಹೆಸರು, ಹತ್ತಿ, ಶೇಂಗಾ, ಜೋಳ ಬೆಳೆಯುವ ಸೀಮೆ. ಮಳೆಯು ಬಂದರೆ ಬೆಳೆ, ಬಾರದಿದ್ದರೆ ಗುಳೆ. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಏಳುವ ಮಾಳಿಗೆಗಳ ಬುಡದಲ್ಲಿ ತಗಡಿನ ಗುಡಿಸಲು ಹಾಕಿಕೊಂಡವರನ್ನು ಯಾವ ಊರಿನವರೆಂದು ಕೇಳಿರಿ. ಹಲವರ ಬಾಯಿಂದ ಈ ಜಿಲ್ಲೆಯ ಹೆಸರೇ ಬರುವದು.

ಕೃಷ್ಣೆಯ ಮೇಲೆ ಆದ ವೆಚ್ಚವನ್ನು ಮೊದಲು ನೋಡುವ. 1964ನೆಯ ಇಸವಿಯ ಮೇ 22ರಂದು ಲಾಲ್ ಬಹಾದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ನಾರಾಯಣಪುರದ ಬಸವಸಾಗರವು 1982ರಲ್ಲಿ ಮುಗಿಯಿತು. ಬಚಾವತ್ ನ್ಯಾಯಮಂಡಲಿಯ ತೀರ್ಪಿನ ಮೇರೆಗೆ ಸಿಕ್ಕ ನೀರಿನಲ್ಲಿ ಮೇಲ್ದಂಡೆ ಯೋಜನೆಯ ಮೊದಲೆರಡು ಹಂತಗಳಿಗೆ 173 ಟಿ.ಎಂ.ಸಿ. ನೀರೆಂದೂ, ಅದರಿಂದ 6.22 ಲಕ್ಷ ಹೆಕ್ಟೇರು ನೆಲ ತೊಯ್ಯಬೇಕೆಂದೂ ಗೊತ್ತಾಯಿತು. ವಿಶ್ವಬ್ಯಾಂಕು 1978ರಲ್ಲಿಯೂ 1989ರಲ್ಲಿಯೂ ಸಾಲ ಕೊಟ್ಟಿತು. ಮುಳುಗಡೆಯಾದವರ ಪುನರ್ವಸತಿಯು ನೆಟ್ಟಗಾಗಲಿಲ್ಲವೆಂದು ನಡುವೆ ಹಣವನ್ನು ತಡೆದದ್ದೂ ಉಂಟು. ಬಾಗಲಕೋಟೆಯ ಸೀಮೆಯ ಜನರು ತಮ್ಮ ಮನೆ ಮಠ ಹೊಲಗಳನ್ನು ನೀರಿಗೆ ಕೊಟ್ಟದ್ದರಿಂದಲೇ ಸುರಪುರ ಶಹಾಪುರಗಳ ಕಾಲುವೆಗಳಲ್ಲಿ ನೀರು ಹರಿಯುತ್ತಿರುವದೆಂಬುದನ್ನು ನಾವು ಒಂದು ದಿನವೂ ಮರೆಯಲಾಗದು. 2023ನೆಯ ಇಸವಿಯ ಜನೇವರಿ 19ರಂದು ಪ್ರಧಾನಮಂತ್ರಿಗಳು ಇದೇ ಜಿಲ್ಲೆಯ ಕೊಡೇಕಲ್ಲಿಗೆ ಬಂದು, ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ನವೀಕರಿಸಿದ ನಾರಾಯಣಪುರ ಎಡದಂಡೆ ಕಾಲುವೆಯನ್ನು ನಾಡಿಗೆ ಒಪ್ಪಿಸಿದರು. 10,000 ಕ್ಯೂಸೆಕ್ಸ್ ನೀರು ಹರಿಯುವ, ಯಂತ್ರದಿಂದ ತೂಬು ತೆರೆದು ಮುಚ್ಚುವ ಕಾಲುವೆ ಅದು. ನಾಲ್ಕೂವರೆ ಲಕ್ಷ ಹೆಕ್ಟೇರಿಗೆ ಅದರ ಆಸರೆ.

ಇದು ಸಣ್ಣ ಕೆಲಸವಲ್ಲ. ಇದನ್ನು ಹಳಿಯುವದು ನಮ್ಮ ಉದ್ದೇಶವೂ ಅಲ್ಲ. ಆದರೆ ಕಾಲುವೆಯನ್ನು ಯಾವ ಬೆಳೆಗೆಂದು ಯೋಚಿಸಿದ್ದರು, ಈಗ ಯಾವ ಬೆಳೆ ನಿಂತಿದೆ ಎಂಬದನ್ನು ಶಹಾಪುರದ ಬಸ್ಸಿನ ಕಿಡಕಿಯಿಂದ ನೋಡಿದವರಿಗೂ ತಿಳಿಯುವದು. ಮೇಲ್ದಂಡೆಯ ನೀರು ಬರಗಾಲವನ್ನು ತಡೆಯುವದಕ್ಕೆಂದು, ಜೋಳ ತೊಗರಿ ಹತ್ತಿ ಶೇಂಗಾಗಳಂಥ ಅರೆನೀರಿನ ಬೆಳೆಗಳಿಗೆಂದು, ಹೆಚ್ಚು ಹೊಲಗಳಿಗೆ ತೆಳುವಾಗಿ ಹಂಚುವದಕ್ಕೆಂದು ಅಳೆದದ್ದು. ಕಾಲುವೆಯ ತಲೆಯ ಕಡೆಯವರು ಬತ್ತವನ್ನು ನಟ್ಟರು. ನೀರು ಕಣ್ಣೆದುರಿಗೆ ಹರಿಯುತ್ತಿರುವಾಗ, ಬತ್ತಕ್ಕೆ ಗಿರಣಿಯೂ ಪೇಟೆಯೂ ಸಿದ್ಧವಾಗಿರುವಾಗ ಅವರು ಬತ್ತವನ್ನು ನಡದೆ ಇರಬೇಕಾಗಿತ್ತೆಂದು ನ್ಯಾಯಪೀಠದ ಮೇಲೆ ಕುಳಿತವರಂತೆ ತೀರ್ಪು ಕೊಡುವದು ಸುಲಭ. ಕಾಗದದ ಮೇಲೆ ಬತ್ತ ನಿಷಿದ್ಧ. ಹೊಲದಲ್ಲಿ ಬತ್ತವೇ ರಾಜ. ಬಾಲದ ಕಡೆಯ ರೈತನಿಗೆ ಬರಿಯ ಕಾಲುವೆಯ ದರ್ಶನ. ತಲೆಯ ಕಡೆಯ ನೆಲದಲ್ಲಿ ಜವುಳು, ಸವುಳು. ಭೀಮರಾಯನಗುಡಿಯಲ್ಲಿ ಅಚ್ಚುಕಟ್ಟು ಪ್ರಾಧಿಕಾರವಿದೆ, ಅದೇ ಊರಿನಲ್ಲಿ ಕೃಷಿ ಕಾಲೇಜೂ ಇದೆ, ನೀರು ಬಳಕೆದಾರರ ಸಂಘಗಳು ಕಾಗದದಲ್ಲಿ ಬೇಕಾದಷ್ಟಿವೆ. ಇಷ್ಟಿದ್ದೂ ತೂಬಿನ ಕೀಲಿಯು ಯಾರ ಕೈಯಲ್ಲಿದೆಯೋ ಅವರದೇ ನೀರು. ಗಾರೆ ಕಬ್ಬಿಣಗಳಿಗೆ ಹಾಕಿದ ಹಣಕ್ಕೆ ನೂರರಲ್ಲೊಂದು ಪಾಲನ್ನಾದರೂ ಈ ಹಂಚಿಕೆಯ ಶಿಸ್ತಿಗೆ ಹಾಕಿದ್ದರೆ ನೀರು ಇನ್ನಷ್ಟು ಹೊಲಗಳಿಗೆ ಮುಟ್ಟುತ್ತಿತ್ತೆಂದು ನಮ್ಮ ನಂಬುಗೆ.

ಈಗ ಭೀಮೆಯನ್ನು ದಾಟಿ ಈಚೆಗೆ ಬರುವ. ನಾರಾಯಣಪುರದ ಎಡದಂಡೆ ಕಾಲುವೆಯ ಹೆಸರು ಬಳಿಚಕ್ರದ ರೈತನಿಗೆ ವರ್ತಮಾನ ಪತ್ರಗಳಲ್ಲಿ ಓದುವ ಸುದ್ದಿ ಮಾತ್ರ. ಈಚೆಯ ದಂಡೆಗೆ ಹತ್ತಿಕುಣಿ, ಸೌದಾಗರಗಳಂಥ ಸಣ್ಣ ಜಲಾಶಯಗಳೂ, ಊರ ಕೆರೆಗಳೂ, ಗುರುಸಣಗಿ, ಜೋಳದಡಗಿಗಳಲ್ಲಿ ಭೀಮೆಗೆ ಅಡ್ಡಲಾಗಿ ಕಟ್ಟಿದ ಸೇತುವೆ-ಬಾಂದಾರಗಳೂ ಇವೆ. ಆದರೆ ಭೀಮೆಯೆಂಬವಳು ನಂಬಿಗೆಯ ನೆಂಟಳಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟು 1980ರಲ್ಲಿ ಮುಗಿದಂದಿನಿಂದ ಬೇಸಗೆಯಲ್ಲಿ ಅವಳ ಒಡಲು ಉಸುಕಿನ ಹಾಸಿಗೆ. ನೀರು ಬಿಡಿರೆಂದು ಬೆಂಗಳೂರಿನವರು ಮುಂಬಯಿಗೆ ಕಾಗದ ಬರೆಯಬೇಕು. 2020ರ ಅಕ್ಟೋಬರದಲ್ಲಿ ನೋಡಿದರೆ ಮೇಲಿಂದ ಬಿಟ್ಟ ನೀರು ದಂಡೆಯ ಮೇಲಿನ ನಿಂತ ಬೆಳೆಯನ್ನು ಕೊಚ್ಚಿಕೊಂಡು ಹೋಯಿತು. ಬೇಕಾದಾಗ ಇಲ್ಲ, ಬಂದಾಗ ಬೇಡ.

ಈ ತಾರತಮ್ಯವು ನಿನ್ನೆ ಮೊನ್ನೆಯದಲ್ಲವೆಂಬುದನ್ನು ವಾಚಕರು ಬಲ್ಲರು. ನಿಜಾಮರ ಸರಕಾರವು 1923ರಿಂದ 1931ರ ವರೆಗೆ ಮಾಂಜ್ರಾ ನದಿಗೆ ನಿಜಾಮಸಾಗರವನ್ನು ಕಟ್ಟಿಸಿದಾಗ ಅದರ ನೀರು ತೆಲಂಗಾಣಕ್ಕೆ ಹೋಯಿತು. ಗುಲಬರ್ಗಾ, ರಾಯಚೂರು, ಬೀದರಗಳ ಕನ್ನಡ ರೈತರು ಕಂದಾಯವನ್ನು ಕೊಟ್ಟು ಮುಗಿಲನ್ನು ನೋಡುತ್ತ ಕುಳಿತರು. ಅದೇ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ಕನ್ನಂಬಾಡಿಯ ಕಟ್ಟೆ ಎದ್ದು ಮಂಡ್ಯದ ಸೀಮೆಯು ಹಸುರಾಯಿತು. ಮುಂದೆ ಫೋರ್ಡ್ ಪ್ರತಿಷ್ಠಾನದ ಪಂಡಿತರು 1959ರಲ್ಲಿ ಭಾರತದ ಆಹಾರದ ಸಂಕಟದ ಕುರಿತು ವರದಿಯನ್ನು ಕೊಟ್ಟರಷ್ಟೆ. ಅದರ ಫಲವಾಗಿ 1960ರ ದಶಕದ ಆರಂಭದಲ್ಲಿ ಆಯ್ದ ಕೆಲವೇ ಜಿಲ್ಲೆಗಳಲ್ಲಿ ಬೀಜ, ಗೊಬ್ಬರ, ಸಾಲ, ಸಲಹೆ ಎಲ್ಲವನ್ನೂ ಒಟ್ಟಿಗೆ ಸುರಿಯುವ ಯೋಜನೆ ಹೊರಟಿತು. ಆಗಿನ ಮೈಸೂರು ರಾಜ್ಯದಿಂದ ಆಯ್ಕೆಯಾದ ಜಿಲ್ಲೆ ಮಂಡ್ಯ. ನೀರು ಇದ್ದಲ್ಲಿಗೆ ಹಣ ಹಾಕಿದರೆ ಕಾಳು ಬೇಗನೆ ಬರುವದೆಂಬ ಲೆಕ್ಕ ಅದು. ದೇಶಕ್ಕೆ ಹಡಗಿನ ಗೋದಿಯನ್ನು ಎದುರು ನೋಡುವ ಗತಿ ಇದ್ದ ಕಾಲಕ್ಕೆ ಆ ಲೆಕ್ಕವು ತಪ್ಪೆಂದು ಹೇಳಲಾರೆವು. ಆದರೆ ಅಂದಿನಿಂದ ಗುರಿಯೆಂಬ ಮಾತಿಗೆ ತೊಯ್ದ ನೆಲವೆಂಬ ಅರ್ಥವೇ ರೂಢಿಯಾಗಿಬಿಟ್ಟಿತು. 1948ನೆಯ ಇಸವಿಯ ಸಪ್ಟಂಬರ 17ರಂದು ನಿಜಾಮಶಾಹಿಯು ಮುಗಿಯಿತು. 1956ನೆಯ ಇಸವಿಯ ನವಂಬರ 1ರಂದು ನಾಡು ಒಂದಾಯಿತು. ಒಂದಾದದ್ದು ನಕಾಶೆ, ಒಂದಾಗದೆ ಉಳಿದದ್ದು ನೆಲದ ಭಾಗ್ಯ. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳು 39 ಎಂದು ಎಣಿಸಿದಾಗ ಅವುಗಳಲ್ಲಿ 21 ಕಲಬುರ್ಗಿಯ ವಿಭಾಗದಲ್ಲಿಯೇ ಇದ್ದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 52ರಷ್ಟೂ ಇಲ್ಲ. ಇಡೀ ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನ.

ಇಷ್ಟಾದ ಮೇಲೆ ಒಣನೆಲಕ್ಕೆ ಗುರಿ ಹಿಡಿಯುವ ವಿದ್ಯೆಯೇ ಇಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವದಿಲ್ಲ. ಆ ವಿದ್ಯೆಯ ಒಂದು ಉತ್ತಮ ಉದಾಹರಣೆಯು ಇದೇ ಯಾದಗಿರಿ ಜಿಲ್ಲೆಯಲ್ಲಿ ನಡೆದುಹೋಗಿದೆ. ನಮ್ಮ ಪಟ್ಟಣಿಗರಲ್ಲಿ ಹೆಚ್ಚಿನವರು ಅದನ್ನು ಕೇಳಿಯೂ ಇಲ್ಲ. 2012ರಲ್ಲಿ ವಿಶ್ವಬ್ಯಾಂಕಿನ 6 ಕೋಟಿ ಡಾಲರುಗಳ ಸಾಲದಿಂದ ಸುಜಲಾ ಯೋಜನೆಯ ಮೂರನೆಯ ಹಂತವು ಮಂಜೂರಾಯಿತು. ಅದಕ್ಕಾಗಿ ಮೊದಲು ಆಯ್ದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಹಿಂದಿನ ಜಲಾನಯನ ಯೋಜನೆಗಳಲ್ಲಿ ಒಂದೇ ಅಳತೆಯ ಒಡ್ಡನ್ನು ಎಲ್ಲ ಹೊಲಗಳಿಗೂ ಹಾಕುವ ಪದ್ಧತಿ. ಎರೆಯಿರಲಿ, ಮಸಾರಿಯಿರಲಿ, ಗರಸಿರಲಿ, ಗುತ್ತಿಗೆದಾರನ ಲೆಕ್ಕಕ್ಕೆ ಎಲ್ಲವೂ ಮಣ್ಣೇ. ಸುಜಲಾದವರು ಹಾಗೆ ಮಾಡಲಿಲ್ಲ. ಸುಮಾರು 500 ಹೆಕ್ಟೇರಿಗೊಂದರಂತೆ ಕಿರುಜಲಾನಯನಗಳನ್ನು ಮಾಡಿ, ಊರ ಭೂಮಾಪನದ ನಕಾಶೆಯನ್ನೇ ಕೈಯಲ್ಲಿ ಹಿಡಿದು, ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಕೇಂದ್ರ ಹಾಗೂ ಕೃಷಿ ವಿಶ್ವವಿದ್ಯಾಲಯಗಳ ಪಂಡಿತರು ಹೊಲಗಳಲ್ಲಿ ಗುಂಡಿ ತೋಡಿ ಮಣ್ಣಿನ ಆಳವನ್ನು ಅಳೆದರು. ಮೇಲ್ಮಣ್ಣು ಎಂಥದು, ಕಲ್ಲು ಗರಸು ಎಷ್ಟು, ಇಳಿಜಾರು ಎಷ್ಟು, ಕೊರೆತ ಎಷ್ಟು, ಒಂದು ಮಳೆಯ ನೀರನ್ನು ಆ ಮಣ್ಣು ಎಷ್ಟು ದಿವಸ ಹಿಡಿದಿಡಬಲ್ಲದು, ಸುಣ್ಣ ಉಪ್ಪುಗಳ ಅಂಶವೇನು, ರಂಜಕ, ಪೊಟ್ಯಾಶ್, ಗಂಧಕ, ಸತು, ಬೋರಾನ್ ಇವುಗಳ ಕೊರತೆಯೇನು, ಇವೆಲ್ಲವನ್ನೂ ಸರ್ವೇ ನಂಬರುಗಳ ಮೇಲೆ ಬಣ್ಣಗಳಲ್ಲಿ ಗುರುತಿಸಿದರು. ಜೋಳಕ್ಕೆ ತಕ್ಕ ಹೊಲ ಯಾವದು, ತೊಗರಿಗೆ ಯಾವದು, ಹುಣಸೆ ಮಾವುಗಳಿಗೆ ಬಿಡಬೇಕಾದ ನೆಲ ಯಾವದು, ಒಡ್ಡು ಎಲ್ಲಿ ಬೇಕು, ಹಳ್ಳಕ್ಕೆ ತಡೆ ಎಲ್ಲಿ ಬೇಕು ಎಂಬದನ್ನೂ ಬರೆದರು. ಯಾದಗಿರಿ ತಾಲೂಕಿನ ಅನೇಕ ಕಿರುಜಲಾನಯನಗಳ ನಕಾಶೆಪುಸ್ತಕಗಳು ಈ ಮೇರೆಗೆ ಅಚ್ಚಾಗಿ ಬಂದವು. ಒಂದು ಊರಿನ ನೆಲದ ಜಾತಕವನ್ನು ಇದಕ್ಕಿಂತ ಸೂಕ್ಷ್ಮವಾಗಿ ಯಾವ ಸರಕಾರವೂ ಈ ಹಿಂದೆ ಬರೆಯಿಸಿರಲಿಲ್ಲ.

ಯೋಜನೆಯು 2019ರಲ್ಲಿ ಮುಗಿಯಿತು. ಅದರ ಫಲವನ್ನು ಕಂಡು 2022ರಲ್ಲಿ ರಿವಾರ್ಡ್ ಎಂಬ ಹೆಸರಿನಿಂದ ಇನ್ನೊಂದು ಸಾಲದ ಕರಾರು ರುಜುವಾಗಿ, ಕರ್ನಾಟಕಕ್ಕೆ ಮತ್ತೆ 6 ಕೋಟಿ ಡಾಲರು ದೊರೆಯಿತು. ಒಡಿಶಾದವರೂ ಇದೇ ವಿದ್ಯೆಯನ್ನು ಕಲಿಯಬೇಕೆಂದು ಅದರಲ್ಲಿ ಸೇರಿದರು. ಬೇರೆ ನಾಡುಗಳಿಗೆ ಮಾದರಿಯಾದ ಕೆಲಸವು ನಮ್ಮ ಮನೆಯಲ್ಲಿ ಆದದ್ದಕ್ಕೆ ನಮಗೆ ಹೆಮ್ಮೆಯುಂಟು. ಆದರೆ ಹೆಮ್ಮೆಯಿಂದ ಹೊಟ್ಟೆ ತುಂಬದು. ಜಾತಕವನ್ನು ಬರೆಯಿಸಿ ಪೆಟ್ಟಿಗೆಯಲ್ಲಿಟ್ಟು ಮದುವೆಯನ್ನು ಬೇರೆ ಲೆಕ್ಕದಿಂದ ಮಾಡುವವರನ್ನು ಏನೆನ್ನಬೇಕು? ಸಾಲದ ಬ್ಯಾಂಕು ಈ ನಕಾಶೆಯನ್ನು ನೋಡುವದಿಲ್ಲ. ಗೊಬ್ಬರದ ಅಂಗಡಿಯು ನೋಡುವದಿಲ್ಲ. ಮಣ್ಣಿಗೆ ಸತು ಬೇಕಾದಲ್ಲಿ ಯೂರಿಯದ ಚೀಲವೇ ಹೋಗುವದು. 2014ರಲ್ಲಿ ಹೊರಟ ಕೃಷಿಭಾಗ್ಯದ ಹೊಂಡಗಳು ಒಣಬೇಸಾಯಕ್ಕೆ ನಿಜವಾದ ಆಸರೆಯೇ ಸರಿ. ಆಳವಾದ ಎರೆಯಲ್ಲಿ ಒಂದು ಹೊಂಡವು ಹಿಂಗಾರಿಯ ಬೆಳೆಯನ್ನು ಉಳಿಸಬಲ್ಲದು. ಅರ್ಜಿ ಹಾಕಿದವನ ಹೊಲದಲ್ಲಿ ತೋಡುವದಕ್ಕಿಂತ ನಕಾಶೆಯು ತೋರಿಸಿದ ಹೊಲದಲ್ಲಿ ಅರ್ಜಿ ಹಾಕಿಸಿ ತೋಡುವದು ಲೇಸಲ್ಲವೆ? 2009ರಲ್ಲಿ ಹೊರಟ ಭೂಚೇತನ ಯೋಜನೆಯಲ್ಲಿ ಹೈದರಾಬಾದ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರು, ಮಣ್ಣಿನಲ್ಲಿ ಕೊರತೆಯಾದ ಸತು ಬೋರಾನ್ ಗಂಧಕಗಳನ್ನು ಅಷ್ಟಷ್ಟೇ ಕೊಟ್ಟು ಒಣಹೊಲದ ಇಳುವರಿಯು ನೂರಕ್ಕೆ 20ರಿಂದ ಮೇಲೆ ಏರಿದ್ದನ್ನು ವರದಿ ಮಾಡಿದರು. ಅದಕ್ಕೆ ಅಣೆಕಟ್ಟು ಬೇಕಾಗಲಿಲ್ಲ; ಮಣ್ಣಿನ ಪರೀಕ್ಷೆಯೂ ರೈತ ಸಂಪರ್ಕ ಕೇಂದ್ರದಲ್ಲಿ ಸಕಾಲಕ್ಕೆ ಸಿಕ್ಕುವ ಒಂದೆರಡು ಪೊಟ್ಟಣಗಳೂ ಬೇಕಾದವು.

ಇಲ್ಲಿ ಕಾನೂನಿನ ಒಂದು ಗಂಟು ಅಡ್ಡ ಬರುವದು. ಅದನ್ನು ಬಿಚ್ಚದೆ ಗುರಿಯ ಮಾತು ವ್ಯರ್ಥವೆಂದು ನಾವು ಖಂಡಿತವಾಗಿ ಹೇಳುವೆವು. ನಕಾಶೆಯು ಸರ್ವೇ ನಂಬರಿನದು. ಹಣವು ಹೋಗುವದು ಪಹಣಿಯಲ್ಲಿ ಹೆಸರಿದ್ದವನಿಗೆ. ಆದರೆ ಹೊಲವನ್ನು ಉಳುವವನು ಯಾರು? ಕರ್ನಾಟಕದ ಭೂಸುಧಾರಣೆಯ ಕಾನೂನು, 1974ನೆಯ ಇಸವಿಯ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ, ಸೈನಿಕರು ನಾವಿಕರು ಇಂಥ ಕೆಲವರ ಹೊರತು ಮತ್ತಾರೂ ಹೊಲವನ್ನು ಗೇಣಿಗೆ ಕೊಡಕೂಡದೆಂದು ಹೇಳುವದು. ಆ ಕಾನೂನು ಸಾವಿರಾರು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದರ ಪುಣ್ಯವನ್ನು ನಾವು ಕಡಿಮೆಯೆನ್ನುವದಿಲ್ಲ. ಆದರೆ ಗೇಣಿಯು ಕಾನೂನಿನಲ್ಲಿ ಸತ್ತು ಹೊಲದಲ್ಲಿ ಬದುಕಿದೆ. ಬೆಂಗಳೂರಿಗೆ ಗುಳೆ ಹೋದವನ ಹೊಲವನ್ನು ಪಕ್ಕದವನು ಲಾವಣಿಗೆ ಹಿಡಿಯುತ್ತಾನೆ. ಪಟ್ಟಣದಲ್ಲಿ ನೌಕರಿಯಲ್ಲಿರುವವನ ಹೊಲವನ್ನು ಊರಿನ ಭೂಮಿಯಿಲ್ಲದವನು ಪಾಲಿಗೆ ಮಾಡುತ್ತಾನೆ. ಎಲ್ಲವೂ ಬಾಯಿಮಾತಿನ ಕರಾರು; ಪಹಣಿಯಲ್ಲಿ ಅವನ ಗುರುತಿಲ್ಲ. ಗುರುತಿಲ್ಲದವನಿಗೆ ಸಹಕಾರ ಸಂಘದ ಬಡ್ಡಿಯಿಲ್ಲದ ಸಾಲವಿಲ್ಲ. ಆ ಸಾಲದ ಮಿತಿಯನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಿದರೂ ಅವನ ಪಾಲಿಗೆ ಸೊನ್ನೆಯೇ. ಬೆಳೆ ಹೋದರೆ ಪರಿಹಾರವು ಒಡೆಯನ ಖಾತೆಗೆ. ಬೀಜ, ಗಳೆ, ಆಳು, ದುಡಿಮೆ ಎಲ್ಲ ಇವನದು. ಇನ್ನು ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದು, ವಾರಸಾ ಮಾಡಿಸದೆ ನಾಲ್ಕು ಮಂದಿ ಅಣ್ಣತಮ್ಮಂದಿರು ಉಳುತ್ತಿರುವ ಹೊಲಗಳ ಕತೆಯನ್ನು ನ್ಯಾಯಾಲಯಗಳ ಕಟಕಟೆಯಲ್ಲಿ ದಿನಾಲು ಕೇಳಬಹುದು. ಗಂಡನು ಗುಳೆ ಹೋದ ಮೇಲೆ ಹೊಲವನ್ನು ನೋಡಿಕೊಳ್ಳುವ ಹೆಂಗಸಿನ ಹೆಸರಂತೂ ಎಲ್ಲಿಯೂ ಇಲ್ಲ. 2020ರಲ್ಲಿ ಇದೇ ಕಾನೂನನ್ನು ತಿದ್ದಿದರು, ಏತಕ್ಕಾಗಿ? ರೈತರಲ್ಲದವರೂ ಹೊಲವನ್ನು ಕೊಳ್ಳಬಹುದೆಂಬುದಕ್ಕಾಗಿ. ಕೊಳ್ಳುವವನಿಗೆ ಬಾಗಿಲು ತೆರೆದ ಶಾಸನಸಭೆಗೆ ಉಳುವವನ ಹೆಸರನ್ನು ಒಂದು ಋತುವಿನ ಮಟ್ಟಿಗೆ ಬರೆದುಕೊಳ್ಳುವ ದಾರಿಯು ಹೊಳೆಯಲಿಲ್ಲ. ಒಡೆತನಕ್ಕೆ ಯಾವ ಬಾಧೆಯೂ ಬಾರದಂತೆ, ಸಾಲ ವಿಮೆ ಪರಿಹಾರಗಳ ಮಟ್ಟಿಗೆ ಉಳುವವನಿಗೆ ಒಂದು ಚೀಟಿಯನ್ನು ಕೊಡುವ ಕಾನೂನನ್ನು ನೆರೆಯ ಆಂಧ್ರದವರು ಮಾಡಿಕೊಂಡಿರುವರು. ಅದರ ಕುಂದುಗಳು ನಮಗೆ ತಿಳಿಯದವಲ್ಲ. ಒಡೆಯರು ಹೆದರಿ ರುಜು ಹಾಕದೆ ಇರುವದುಂಟು. ಕುಂದುಗಳನ್ನು ತಿದ್ದಿಯಾದರೂ ಅಂಥದೊಂದು ನಮಗೆ ಬೇಕು.

ಇನ್ನು ಪೇಟೆಯ ಮಾತು. ಕಲಬುರ್ಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬಿರುದು ಬಂದಿತು, ಬೆಲೆಯು ಬರಲಿಲ್ಲ. 2015ರಲ್ಲಿ ತೊಗರಿಬೇಳೆಯು ಪಟ್ಟಣಗಳಲ್ಲಿ ಕಿಲೋಗೆ 200 ರೂಪಾಯಿಯ ಸುತ್ತ ಏರಿದಾಗ ಸರಕಾರವು ಗಾಬರಿಯಾಗಿ 2016ರಲ್ಲಿ ಮೊಜಾಂಬಿಕ್ ದೇಶದೊಡನೆ ಕರಾರು ಮಾಡಿಕೊಂಡು, ಮೊದಲ ವರುಷ 1 ಲಕ್ಷ ಟನ್ನಿನಿಂದ ಐದನೆಯ ವರುಷ 2 ಲಕ್ಷ ಟನ್ನಿನ ವರೆಗೆ ಬೇಳೆಕಾಳುಗಳನ್ನು ತರುವದಾಗಿ ಒಪ್ಪಿತು. ಅದೇ ವರುಷ ನಮ್ಮ ರೈತರೂ ಬೆಲೆಯನ್ನು ಕಂಡು ಹೊಲಗಳ ತುಂಬ ತೊಗರಿಯನ್ನು ಬಿತ್ತಿದರು. 2017ರ ಸುಗ್ಗಿಯಲ್ಲಿ 5,050 ರೂಪಾಯಿಯ ಬೆಂಬಲಬೆಲೆಯ ಎಷ್ಟೋ ಕೆಳಗೆ ಅಡತಿಯಂಗಡಿಯಲ್ಲಿ ಮಾರಬೇಕಾಯಿತು. ಮುಂದೆ ಹೊರಗಿನ ತೊಗರಿಗೆ ಸುಂಕವನ್ನೂ ತೆಗೆದರು. ಮೊಜಾಂಬಿಕಿನ ರೈತನ ಮೇಲೆ ನಮಗೆ ಎಳ್ಳಷ್ಟೂ ದ್ವೇಷವಿಲ್ಲ. ಅವನೂ ಎರಡು ಮೂರು ಎಕರೆಯ ಬಡವ, ಅವನ ತೊಗರಿಯು ನಮ್ಮ ಪೇಟೆಗೆಂದೇ ಬೆಳೆಯುವದು, ನಾವು ಬಾಗಿಲು ಮುಚ್ಚಿದ ವರುಷ ಅವನ ಕಣಜದಲ್ಲಿಯೇ ಹುಳು ಹತ್ತುವದು. ಮಾಪುಟೊದಲ್ಲಿ ಮಾಡಿದ ಪ್ರತಿಜ್ಞೆಯೂ ಬಳಿಚಕ್ರದ ಬಿತ್ತಿಗೆಯೂ ಹೀಗೆ ಒಂದೇ ತಕ್ಕಡಿಯಲ್ಲಿ ಬಂದು ಕೂಡುವವು; ತಕ್ಕಡಿಯನ್ನು ಹಿಡಿದವನು ಮಾತ್ರ ಇಬ್ಬರಲ್ಲಿ ಯಾರೂ ಅಲ್ಲ.

2025ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು 11,440 ಕೋಟಿ ರೂಪಾಯಿಗಳ ಬೇಳೆಕಾಳಿನ ಯೋಜನೆಯನ್ನು ಹೊರಡಿಸಿ, ನೋಂದಣಿ ಮಾಡಿಸಿದ ರೈತರ ತೊಗರಿ ಉದ್ದು ಚನ್ನಂಗಿಗಳನ್ನು ನಾಲ್ಕು ವರುಷ ಬೆಂಬಲಬೆಲೆಗೆ ಪೂರ್ತಿಯಾಗಿ ಕೊಳ್ಳುವದಾಗಿ ಹೇಳಿದೆ. 2025-26ರ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ ಗೊತ್ತು ಮಾಡಿದೆ. ಒಳ್ಳೆಯದೇ. ಆದರೆ ನೋಂದಣಿಗೆ ಮತ್ತೆ ಪಹಣಿಯೇ ಬೇಕಷ್ಟೆ! ಕೊಳ್ಳುವ ಕೇಂದ್ರವು ತೆರೆಯುವ ಹೊತ್ತಿಗೆ ಸಾಲಗಾರನು ಕಣದಿಂದಲೇ ಚೀಲವನ್ನು ಒಯ್ದಿರುತ್ತಾನೆ. ಜನೇವರಿಯ ರಾಶಿಯನ್ನು ಮಾರ್ಚಿನ ವರೆಗೆ ಹಿಡಿದಿಡುವ ಒಂದು ಉಗ್ರಾಣ, ಅದರ ರಸೀದಿಯ ಮೇಲೆ ಅಲ್ಲಿಯೇ ಮುಂಗಡ ಕೊಡುವ ಒಂದು ಸಹಕಾರಿ ಸಂಘ, ಹತ್ತು ಊರಿಗೊಂದು ಬೇಳೆಯ ಗಿರಣಿ: ಬಳಿಚಕ್ರದಂಥ ಹೋಬಳಿಯ ಊರಿನಲ್ಲಿ ಇವು ಇದ್ದರೆ ತೊಗರಿಯು ಬೇಳೆಯಾಗಿ, ಹೊಟ್ಟು ನುಚ್ಚು ಊರ ದನಕ್ಕಾಗಿ ಉಳಿಯುತ್ತಿದ್ದವು. ಇದೇ ತಾಲೂಕಿನ ಕಡೇಚೂರು ಬಾಡಿಯಾಳಗಳಲ್ಲಿ ಕೈಗಾರಿಕೆಗಾಗಿ 3,000ಕ್ಕೂ ಹೆಚ್ಚು ಎಕರೆ ಹೊಲಗಳನ್ನು ತೆಗೆದುಕೊಂಡರು. ಅಲ್ಲಿಗೆ ಬಂದವು ಹೆಚ್ಚಾಗಿ ಔಷಧ ರಸಾಯನಗಳ ಕಾರಖಾನೆಗಳು, ಅವುಗಳ ನಾತದ ದೂರನ್ನು ಸುತ್ತಲಿನ ಊರುಗಳು ಇನ್ನೂ ಹೇಳುತ್ತಿರುವವು. ಹೊಲ ಕೊಟ್ಟವರ ಬೆಳೆಗೆ ಸಂಬಂಧಿಸಿದ ಗಿರಣಿಗಳಿಗೆ ಅದರಲ್ಲಿ ಮೊದಲ ಸ್ಥಾನವನ್ನು ಕೊಡಬೇಕೆಂದು ಯಾರಿಗೂ ತೋರದೆ ಇದ್ದದ್ದು ಸೋಜಿಗವೇ.

ತೊಗರಿಯನ್ನೇ ವರುಷ ವರುಷವೂ ಬಿತ್ತುವದರ ಅಪಾಯವನ್ನೂ ಹೇಳಬೇಕು. 2022-23ರಲ್ಲಿ ನೆಟೆರೋಗವು ಕಲಬುರ್ಗಿ ಯಾದಗಿರಿಗಳ ತೊಗರಿಯನ್ನು ಹೊಲ ಹೊಲವಾಗಿ ಒಣಗಿಸಿತು. ಆ ರೋಗದ ಬೂಷ್ಟು ಮಣ್ಣಿನಲ್ಲಿ ವರುಷಗಟ್ಟಲೆ ಬದುಕಿರುವದು. ಕಲಬುರ್ಗಿಯ ಸಂಶೋಧನಾ ಕೇಂದ್ರದವರು ಟಿ.ಎಸ್. 3 ಆರ್., ಜಿ.ಆರ್.ಜಿ. 811ರಂಥ ತಳಿಗಳನ್ನು ಕೊಟ್ಟಿರುವರು. ಆದರೆ ತಳಿಯೊಂದೇ ಸಾಲದು, ಜೋಳವನ್ನು ಸರತಿಯಲ್ಲಿಯೋ ಅಕ್ಕಡಿಯಾಗಿಯೋ ಹಾಕಿದರೆ ನೆಟೆಯು ತಗ್ಗುವದೆಂಬುದು ಪಂಡಿತರಿಗೂ ಗೊತ್ತು, ನಮ್ಮ ಹಿರಿಯರಿಗೂ ಗೊತ್ತಿತ್ತು. ಜೋಳವು ಹೊಲದಿಂದ ಏಕೆ ಹೋಯಿತು? ಪಡಿಯಂಗಡಿಯಲ್ಲಿ ಅಕ್ಕಿಯು ಬಂದಿತು, ಜೋಳಕ್ಕೆ ಬೆಲೆಯು ಬಿದ್ದಿತು, ಜೋಳದ ಕೊಯಿಲಿಗೆ ಆಳು ಸಿಕ್ಕದಾಯಿತು. ಜೋಳ ಹೋದೊಡನೆ ಕಣಿಕೆ ಹೋಯಿತು, ಕಣಿಕೆ ಹೋದೊಡನೆ ಎತ್ತು ಎಮ್ಮೆ ಹೋದವು, ಅವುಗಳೊಡನೆ ತಿಪ್ಪೆಯ ಗೊಬ್ಬರವೂ ಮಗುವಿನ ಬಟ್ಟಲಿನ ಹಾಲೂ ಹೋದವು.

ಆಹಾರದ ಮಾತು ಬಂದೊಡನೆ ನಮಗೆ ನಾಚಿಕೆಯಾಗುವ ಸಂಗತಿಯೊಂದನ್ನು ಹೇಳದೆ ವಿಧಿಯಿಲ್ಲ. 2019-21ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರುಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಬಂದಿತು. ಇಡೀ ರಾಜ್ಯದ ಲೆಕ್ಕವು ನೂರಕ್ಕೆ 35ರ ಸುಮಾರು. ಬೇಳೆಯ ಕಣಜದಲ್ಲಿ ಹುಟ್ಟಿದ ಮಕ್ಕಳು! ಆದರೆ ಇಲ್ಲಿಯೇ ಗುರಿಯಿಟ್ಟು ಹಾಕಿದ ಹಣವು ಫಲ ಕೊಟ್ಟದ್ದನ್ನೂ ನಮ್ಮ ಉಪಾಧ್ಯಾಯ ಮಿತ್ರರು ಕಣ್ಣಾರೆ ಕಂಡಿರುವರು. 2021ರ ದಶಂಬರದಲ್ಲಿ ಕಲ್ಯಾಣ ಕರ್ನಾಟಕವೇ ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನೂ, ಒಲ್ಲದವರಿಗೆ ಬಾಳೆಯ ಹಣ್ಣನ್ನೂ ಕೊಡಲಾರಂಭಿಸಿದರು. ಎಷ್ಟು ಗದ್ದಲ, ಎಷ್ಟು ಮನವಿಗಳು! ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಆಗ ಅದು ಸಿಕ್ಕದಿದ್ದ ಗದಗಿನ ಮಕ್ಕಳನ್ನೂ ತೂಗಿ ಅಳೆದು ನೋಡಿ, ಯಾದಗಿರಿಯ ಮಕ್ಕಳೇ ಹೆಚ್ಚು ಬೆಳೆದದ್ದನ್ನು ತೋರಿಸಿದರು. 2022ರಲ್ಲಿ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಯಾವ ಮಗುವಿಗೆ, ಯಾವ ದಿವಸ, ಏನು ಮುಟ್ಟಿತೆಂಬುದಕ್ಕೆ ಉಪಾಧ್ಯಾಯನ ಹಾಜರಿಯ ಪುಸ್ತಕವೇ ಸಾಕ್ಷಿ. ನಡುವೆ ಸೋರುವದಕ್ಕೆ ತೂತು ಕಡಿಮೆ. ಇದೇ ಊಟಕ್ಕೆ ತೊಗರಿಬೇಳೆಯನ್ನೂ ವಾರದಲ್ಲಿ ಕೆಲವು ದಿವಸ ಜೋಳದ ರೊಟ್ಟಿಯನ್ನೂ ಜಿಲ್ಲೆಯ ರೈತರ ಸಂಘಗಳಿಂದಲೇ ಕೊಳ್ಳುವದಾದರೆ ಶಾಲೆಯೇ ರೈತನ ಗಟ್ಟಿ ಗಿರಾಕಿಯಾಗುವದು, ಹೊಲಕ್ಕೆ ಜೋಳವು ಮರಳುವದು, ನೆಟೆಯ ಕಾಟವೂ ತಗ್ಗುವದು.

ಹಣವೆಲ್ಲಿದೆಯೆಂದು ಕೇಳುವವರಿಗೆ ಉತ್ತರವು ಸುಲಭ. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ 371 ಜೆ ಅನುಚ್ಛೇದವು ಬಂದಿತು. ಪ್ರದೇಶಾಭಿವೃದ್ಧಿ ಮಂಡಳಿಯು ಕಾನೂನಿನ ಬಲದಿಂದ ನಿಂತಿತು. 2023-24ರಿಂದ ರಾಜ್ಯ ಸರಕಾರವು ವರುಷಕ್ಕೆ 5,000 ಕೋಟಿ ರೂಪಾಯಿಗಳನ್ನು ಅದಕ್ಕೆ ಘೋಷಿಸುತ್ತ ಬಂದಿದೆ. ಆ ಹಣದಿಂದ ನಮ್ಮ ಕಣ್ಣಿಗೆ ಬೀಳುವವು ರಸ್ತೆ, ಕಟ್ಟಡ, ಸಮುದಾಯಭವನ, ಕಮಾನು. ಇವುಗಳಿಗೆ ಅಡಿಗಲ್ಲು ಹಾಕಬಹುದು, ಹೆಸರು ಕೆತ್ತಿಸಬಹುದು. ಮಣ್ಣಿಗೆ ಬೆರೆಸಿದ ಸತುವಿನ ಮೇಲೆ ಯಾರ ಹೆಸರನ್ನು ಕೆತ್ತಿಸುವದು? ಒಣನೆಲಕ್ಕೆ ಹಾಕಿದ ರೂಪಾಯಿಯು ಬೇಗ ಮರಳುವದಿಲ್ಲವೆಂದು ಅಧಿಕಾರಿಗಳು ಹೇಳುವದುಂಟು. ಸರಿ; ಆದರೆ ಗುಳೆಯ ಲೆಕ್ಕವನ್ನು ಅವರು ಎಂದಾದರೂ ಬರೆದಿರುವರೇ? ಶಾಲೆ ಬಿಟ್ಟ ಮಕ್ಕಳದು, ಬೀಗ ಹಾಕಿದ ಮನೆಯಲ್ಲಿ ಉಳಿದ ಮುದುಕಿಯದು? ಆ ಖರ್ಚನ್ನು ಹಿಡಿದರೆ ಬಳಿಚಕ್ರದ ಒಂದು ಕೃಷಿಹೊಂಡವು ಕೊಡೇಕಲ್ಲಿನ ಕಾಲುವೆಯಷ್ಟೇ ಲಾಭದ್ದೆಂದು ನಾವು ವಾದಿಸಲು ಸಿದ್ಧ. ಕಾಲುವೆಗೆ ಬೇಡವೆಂದಲ್ಲ, ಹೊಂಡಕ್ಕೂ ಬೇಕೆಂದು.

ಪ್ರಾದೇಶಿಕ ಅಸಮತೆಯನ್ನು ಮರಳಿ ಅಳೆಯುವದಕ್ಕೆ ಸರಕಾರವು 2024ರಲ್ಲಿ ಅರ್ಥಶಾಸ್ತ್ರಜ್ಞರಾದ ಗೋವಿಂದರಾಯರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಇನ್ನು ಮೇಲಿನ ಹಂಚಿಕೆಗೆ ತಾಲೂಕೆಂಬ ಘಟಕವೇ ದೊಡ್ಡದಾಯಿತೆಂದು ನಮ್ಮ ಸೂಚನೆ. ಶಹಾಪುರದ ಕಾಲುವೆಯ ತಲೆಯೂ ಬಾಲವೂ ಒಂದೇ ತಾಲೂಕು. ಎರಡರ ಭಾಗ್ಯ ಒಂದಲ್ಲ. ಬೆಳೆವಿಮೆಗೆ ಗ್ರಾಮಪಂಚಾಯತಿಯನ್ನು ಘಟಕವಾಗಿ ಹಿಡಿಯಬಹುದಾದರೆ, ಮಣ್ಣಿನ ನಕಾಶೆಯನ್ನು ಸರ್ವೇ ನಂಬರಿಗೆ ಇಳಿಸಬಹುದಾದರೆ, ಮಂಡಳಿಯ ಹಣವನ್ನು ಕಿರುಜಲಾನಯನಕ್ಕೆ ಇಳಿಸುವದು ಅಸಾಧ್ಯವೇನು?

ಕೊನೆಗೆ ನಮ್ಮ ಉಪಾಧ್ಯಾಯ ಮಹಾಶಯರಲ್ಲಿ ಒಂದು ವಿನಂತಿ. ಸುಜಲಾದ ನಕಾಶೆಪುಸ್ತಕಗಳು ಇಂಗ್ಲಿಷಿನಲ್ಲಿ, ಪಂಡಿತರ ಪರಿಭಾಷೆಯಲ್ಲಿ ಇರುವವು. ನಿಮ್ಮ ಊರಿನ ಕಿರುಜಲಾನಯನದ ಪುಸ್ತಕವನ್ನು ಜಲಾನಯನ ಇಲಾಖೆಯಿಂದ ಕೇಳಿ ತರಿಸಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನ ಮೇರೆಗೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಿರಿ. ಮುಂಗಾರಿಯ ಬಿತ್ತಿಗೆಗೆ ಮೊದಲು ಗ್ರಾಮಸಭೆಯು ಕೂಡಿದಾಗ ಅದನ್ನು ಗೋಡೆಗೆ ತೂಗುಹಾಕಿ, ಇದು ಇಂಥವರ ಹೊಲ, ಇದರ ಮಣ್ಣು ಇಷ್ಟು ಆಳ, ಇದಕ್ಕೆ ಇಂಥ ಬೆಳೆ, ಇಲ್ಲಿ ಹೊಂಡ, ಅಲ್ಲಿ ತಡೆಗಟ್ಟೆ ಎಂದು ಕನ್ನಡದಲ್ಲಿ ಓದಿ ಹೇಳಿರಿ. ಮಕ್ಕಳ ಕೈಯಿಂದ ಅದರ ಪ್ರತಿಯನ್ನು ಬರೆಯಿಸಿರಿ. ಮಂಡಳಿಗೆ ಹೋಗುವ ಊರಿನ ಬೇಡಿಕೆಯ ಪಟ್ಟಿಯಲ್ಲಿ ಸಮುದಾಯಭವನದ ಮೊದಲು ಆ ಸರ್ವೇ ನಂಬರುಗಳನ್ನು ಬರೆಯಿಸಿ, ಠರಾವು ಮಾಡಿಸಿ, ಅದರ ನಕಲನ್ನು ಶಾಸಕರಿಗೊಂದು, ಜಿಲ್ಲಾಧಿಕಾರಿಗಳಿಗೊಂದು, ನಮ್ಮ ಪತ್ರಿಕೆಗೊಂದು ಕಳುಹಿಸಿರಿ. ಬಂದ ಠರಾವುಗಳನ್ನು ಊರಿನ ಹೆಸರಿನೊಡನೆ ನಾವು ಅಚ್ಚು ಹಾಕುವೆವು. ಬಳಿಚಕ್ರದ್ದು ಮೊದಲು ಬರಲೆಂದು ಆಶಿಸುವೆವು.